ಲಸ್ಟರ್ ಹಾಕಿಸಬೇಕಾ, ಜಿಪಿಎಫ್‌ಎಸ್ ಹಾಕಿಸಬೇಕಾ?

ಹಲವು ಕಂಪ್ಯೂಟರ್‌ಗಳನ್ನು ಜೋಡಿಸಿದ ಕ್ಲಸ್ಟರ್‌ನಲ್ಲಿ ಎಲ್ಲವೂ ಒಟ್ಟಿಗೆ ಬಳಸುವ ಫೈಲ್ ಸಿಸ್ಟಮ್‌ಗಳು ಇವೆರಡೂ. ಕ್ಲಸ್ಟರ್‌ಗೆ ಸ್ಟೋರೇಜ್ ಆರಿಸುವ ಮುಂಚೆ ನಿಮ್ಮ ಫೈಲುಗಳನ್ನು ನೋಡಿ. ದೊಡ್ಡವು ಕೆಲವೇ ಇವೆಯಾ, ಪುಟ್ಟವು ಲಕ್ಷಗಟ್ಟಲೆ ಇವೆಯಾ?

ಲಸ್ಟರ್ 1999ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಶುರುವಾದದ್ದು. ಓಪನ್ ಸೋರ್ಸ್, ಲೈಸೆನ್ಸ್‌ಗೆ ದುಡ್ಡಿಲ್ಲ. ಬೆಂಗಳೂರಿನ ಐಐಎಸ್‌ಸಿ 2015ರಲ್ಲಿ ತಂದ ಸಹಸ್ರಟಿ ಸೂಪರ್‌ಕಂಪ್ಯೂಟರ್‌ನಲ್ಲೂ ಇದೇ ಇತ್ತು. ಫೈಲಿನ ಹೆಸರು, ಅನುಮತಿಯಂಥ ವಿವರ ಅದಕ್ಕೇ ಮೀಸಲಾದ ಒಂದೋ ಕೆಲವೋ ಸರ್ವರಿನಲ್ಲಿ. ಡೇಟಾ ಬೇರೆ ಸರ್ವರ್‌ಗಳಲ್ಲಿ. ಬರೆಯುವ ಮುಂಚೆಯೇ ಫೋಲ್ಡರಿಗೆ ‘ಎಲ್‌ಎಫ್‌ಎಸ್ ಸೆಟ್‌ಸ್ಟ್ರೈಪ್ -ಸಿ 8’ ಅಂತ ಕಮಾಂಡ್ ಕೊಟ್ಟುಬಿಡಿ. ಹವಾಮಾನ ಮಾಡೆಲ್‌ನ 500 ಜಿಬಿ ಫೈಲು ಎಂಟು ಕಡೆ ಹಂಚಿಕೊಂಡು ಕೂರುತ್ತದೆ, ಎಂಟೂ ಕಡೆಯಿಂದ ಒಟ್ಟಿಗೆ ಓದಬಹುದು. ಎಷ್ಟು ಚೆಂದ ಅಲ್ವಾ? ಆದರೆ ಪುಟ್ಟ ಫೈಲು ಜಾಸ್ತಿಯಾದರೆ ವಿವರದ ಸರ್ವರ್ ಸುಸ್ತಾಗುತ್ತದೆ. ಫೈಲುಗಳ ಪಟ್ಟಿ ನೋಡಲು ಸುಮ್ನೆ ‘ಎಲ್‌ಎಸ್ -ಎಲ್’ ಕೊಟ್ಟರೂ ಕಾಯಬೇಕು.

ಐಬಿಎಂನ ಜಿಪಿಎಫ್‌ಎಸ್‌ 1998ರದು, ಈಗಿನ ಹೆಸರು ಸ್ಟೋರೇಜ್ ಸ್ಕೇಲ್. ವಿವರದ ಕೆಲಸವನ್ನು ಹಲವು ನೋಡ್‌ಗಳಿಗೆ, ಅಂದರೆ ಕ್ಲಸ್ಟರಿನ ಕಂಪ್ಯೂಟರ್‌ಗಳಿಗೆ, ಹಂಚುತ್ತದೆ. ಹಾಗಾಗಿ ಪುಟ್ಟ ಫೈಲು ಜಾಸ್ತಿಯಾದರೂ ಭಾರ ಒಂದೇ ಕಡೆ ಬೀಳುವುದಿಲ್ಲ. ಲೈಸೆನ್ಸ್‌ಗೆ ದುಡ್ಡು ಕೊಡಬೇಕು.

ಸಿಮ್ಯುಲೇಷನ್ನೇ ಮುಖ್ಯ ಕೆಲಸವಾಗಿದ್ದರೆ ನಾನು ಲಸ್ಟರ್ ಅನ್ನುತ್ತೇನೆ. ಪುಟ್ಟ ಚಿತ್ರಗಳ ರಾಶಿ ಇಟ್ಟುಕೊಂಡು ಎಐಗೆ ತರಬೇತಿ ಕೊಡುವವರು ಜಿಪಿಎಫ್‌ಎಸ್‌ಗೆ ಬಜೆಟ್ ಕೇಳಿ. ಲಸ್ಟರ್ ಆದರೆ ಅದನ್ನು ಬಲ್ಲ ಒಬ್ಬ ಅಡ್ಮಿನ್ ನಿಮ್ಮಲ್ಲೇ ಇರಲೇಬೇಕು.