ಹೇಳಿಕೆ ಕಾಗದದ ಹಿಂದೆ ಒಂದು ನಕ್ಷೆ, 350 ರೂಪಾಯಿ

ಕಳೆದ ನವೆಂಬರಿನಲ್ಲಿ ನಮ್ಮ ಹೊಸ ಮನೆಯ ಒಕ್ಕಲು ಆಯಿತು. ಹೇಳಿಕೆ ಕಾಗದದ, ಅಂದರೆ ಆಮಂತ್ರಣ ಪತ್ರಿಕೆಯ, ಹಿಂದೆ ದಾರಿಯ ನಕ್ಷೆ ಹಾಕಿಸಲು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯ ಒಂದು ಸಣ್ಣ ಡಿಟಿಪಿ ಅಂಗಡಿಗೆ 350 ರೂಪಾಯಿ ಕೊಟ್ಟೆ. ಅಚ್ಚಿನ ಖರ್ಚು ಬೇರೆ. "ಮ್ಯಾಪಿಗೂ ದುಡ್ಡಾ? ಲೊಕೇಶನ್ ಕಳಿಸಿದರೆ ಆಗದಾ?" ಎಂದು ತಮ್ಮ ನಕ್ಕ.

ನನ್ನದು ಶಾಮಿಯಾನ, ಕುರ್ಚಿ, ಪಾತ್ರೆ ಬಾಡಿಗೆಗೆ ಕೊಡುವ ಕೆಲಸ. ವಾರಕ್ಕೆ ಮೂರು ನಾಲ್ಕು ಗುರುತಿಲ್ಲದ ಮನೆ ಹುಡುಕಬೇಕು. ಲೊಕೇಶನ್ ನಂಬಿದ ಕಥೆ ಒಂದು ಹೇಳುತ್ತೇನೆ. ಜೂನ್ ತಿಂಗಳ ಮಳೆ, ರಾತ್ರಿ ಒಂಬತ್ತೂವರೆ, ಪಿಕಪ್ಪಿನಲ್ಲಿ 200 ಕುರ್ಚಿ. ಫೋನು "ತಲುಪಿದ್ದೀರಿ" ಅಂತು. ಮನೆಯ ಲೈಟು ಎದುರಿಗೇ ಕಾಣುತ್ತಿದೆ. ನಡುವೆ ತೋಡು ತುಂಬಿ ಹರಿಯುತ್ತಿದೆ. ದಾಟಲು ಇರುವುದು ಅಡಿಕೆ ಮರದ ಸಂಕ. ಫೋನು ಮನೆಯ ಚುಕ್ಕೆಗೆ ಯಾವ ರಸ್ತೆ ಹತ್ತಿರವೋ ಅಲ್ಲಿಗೆ ಕರೆದುಕೊಂಡು ಹೋಗಿ ಕೈ ತೊಳೆದುಕೊಂಡಿತು. ಆ ರಸ್ತೆ ತೋಡಿನ ಆಚೆಯದೋ ಈಚೆಯದೋ ಎಂದು ನೋಡಲಿಲ್ಲ. ಓಣಿಯಲ್ಲಿ ಗಾಡಿ ತಿರುಗಿಸಲು ಜಾಗ ಇಲ್ಲ. ಮುರಕಲ್ಲಿನ ಗೋಡೆಗೆ ಉಜ್ಜಿಕೊಂಡು ಅರ್ಧ ಕಿಲೋಮೀಟರ್ ರಿವರ್ಸ್ ಬಂದೆ. ಆ ಗೀರು ಈಗಲೂ ಗಾಡಿಯ ಮೇಲಿದೆ.

ಹಾಗಾಗಿ ತಮ್ಮನ ಮಾತು ಕೇಳಲಿಲ್ಲ.

ಅಂಗಡಿಯ ಹುಡುಗ ಮೊದಲ ಅರ್ಧ ಗಂಟೆ ಕಂಪ್ಯೂಟರ್ ಮುಟ್ಟಲಿಲ್ಲ. ನನಗೆ, ಹೆಂಡತಿಗೆ, ಜೊತೆಗಿದ್ದ ಅಮ್ಮನಿಗೆ ಒಂದೊಂದು ಬಿಳಿ ಹಾಳೆ ಕೊಟ್ಟು, "ಮನೆಗೆ ಹೋಗುವ ದಾರಿ ಬರೆಯಿರಿ, ಒಬ್ಬರದು ಒಬ್ಬರು ನೋಡಬೇಡಿ" ಅಂದ. ನನ್ನ ಹಾಳೆಯಲ್ಲಿ ಬರೀ ತಿರುವು ಮತ್ತು ಏರು. ಪಿಕಪ್ ಎಲ್ಲಿ ಹತ್ತುತ್ತದೆ, ಎಲ್ಲಿ ಹತ್ತುವುದಿಲ್ಲ ಅಷ್ಟೆ. ಹೆಂಡತಿಯದರಲ್ಲಿ ಬಸ್ಸು ನಿಲ್ಲುವ ಕಡೆ, ಸೊಸೈಟಿ, ಹಾಲು ಕೊಡುವ ಮನೆ. ಅಮ್ಮ ಪೆನ್ನು ಹಿಡಿಯದೆ ಎಷ್ಟು ವರ್ಷ ಆಯಿತೋ. ಅವಳು ತೋಡನ್ನು ಮೊದಲು ಎಳೆದಳು. ಆಮೇಲೆ ನಾಗನಕಟ್ಟೆ, ಹಲಸಿನ ಮರ, ಗುಡ್ಡೆ, ಕೊನೆಗೆ ದಾರಿ.

ಹುಡುಗ ಅಮ್ಮನ ಹಾಳೆಯನ್ನೇ ಎತ್ತಿಕೊಂಡ. ಅವನು ಹೇಳಿದ ಪ್ರಕಾರ, ಅಮೆರಿಕದಲ್ಲಿ ಕೆವಿನ್ ಲಿಂಚ್ ಎಂಬ ನಗರ ಯೋಜಕರು ಬೋಸ್ಟನ್, ಜೆರ್ಸಿ ಸಿಟಿ, ಲಾಸ್ ಏಂಜಲೀಸ್ ಜನರಿಂದ ಹೀಗೆಯೇ ನೆನಪಿನಿಂದ ನಕ್ಷೆ ಬರೆಸಿದ್ದರಂತೆ. 1960ರಲ್ಲಿ ಅದನ್ನು ಪುಸ್ತಕ ಮಾಡಿದರು. ಜನ ಊರನ್ನು ತಲೆಯಲ್ಲಿ ಇಟ್ಟುಕೊಳ್ಳುವುದು ಐದು ಸಂಗತಿಗಳಿಂದ ಅಂತೆ: ದಾರಿ, ಅಂಚು, ಕೇರಿ, ದಾರಿಗಳು ಕೂಡುವ ಜಾಗ, ಗುರುತು. "ಅಣ್ಣಾ, ನಿಮ್ಮದರಲ್ಲಿ ದಾರಿ ಮಾತ್ರ ಉಂಟು. ಅಮ್ಮನದರಲ್ಲಿ ತೋಡು ಅಂಚು, ಕಟ್ಟೆ ಗುರುತು" ಅಂದ. ಅಮ್ಮ ಮನೆಗೆ ಬರುವವರೆಗೂ ಅದೇ ಮಾತು.

ಆಮೇಲೆ ಅವನು ಕೇಳಿದ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ: "ನೆಂಟರು ಯಾವ ಕಡೆಯಿಂದ ಬರುವುದು?" ನಮ್ಮ ಮನೆಗೆ ತಿರುಗುವುದು ಚೆರ್ಕಳ–ಕಲ್ಲಡ್ಕ ರಸ್ತೆಯಲ್ಲಿ, ಬದಿಯಡ್ಕ ಮತ್ತು ಉಕ್ಕಿನಡ್ಕದ ನಡುವೆ. ಕಾಸರಗೋಡು, ಕುಂಬಳೆ ಕಡೆಯವರಿಗೆ ಅದು ಬಲಕ್ಕೆ. ಪುತ್ತೂರು, ವಿಟ್ಲದಿಂದ ಪೆರ್ಲ ದಾಟಿ ಬರುವವರಿಗೆ ಎಡಕ್ಕೆ. "ಬಲಕ್ಕೆ ತಿರುಗಿ" ಎಂದು ಒಂದೇ ಸಾಲು ಹಾಕಿದರೆ ಅರ್ಧ ನೆಂಟರು ಗುಡ್ಡೆ ಹತ್ತುತ್ತಾರೆ. ಅವನು ಎರಡು ಸಣ್ಣ ನಕ್ಷೆ ಮಾಡಿದ. ಎರಡರಲ್ಲೂ ನೀವು ಬರುವ ದಾರಿ ಕೆಳಗಿನಿಂದ ಮೇಲಕ್ಕೆ. ಉತ್ತರ ದಿಕ್ಕು ಎಲ್ಲಿದೆಯೋ ಯಾರಿಗೆ ಬೇಕು? ಕಾಗದ ತಿರುಗಿಸುವ ಕೆಲಸ ಇಲ್ಲ, ನಕ್ಷೆಯ ಬಲ ಎಂದರೆ ಕಾರಿನ ಬಲವೇ.

ಮುಖ್ಯ ರಸ್ತೆಯ ಕಿಲೋಮೀಟರುಗಳನ್ನು ಒಂದು ಇಂಚಿಗೆ ಇಳಿಸಿ, ಕೊನೆಯ 300 ಮೀಟರಿಗೆ ಮೂರು ಇಂಚು ಕೊಟ್ಟ. ಲಂಡನ್ನಿನ ಸುರಂಗ ರೈಲಿನ ನಕ್ಷೆಯಲ್ಲೂ ಇದೇ ಉಪಾಯ. ಹ್ಯಾರಿ ಬೆಕ್ ಎಂಬ ಡ್ರಾಫ್ಟ್ಸ್‌ಮನ್ 1931ರಲ್ಲಿ ಬರೆದದ್ದು. ಊರ ನಡುವಿನ ಸ್ಟೇಷನ್ನುಗಳನ್ನು ಅಗಲ ಮಾಡಿ, ದೂರದವನ್ನು ಹತ್ತಿರ ಎಳೆದ. ಮೊದಲು ಬೇಡ ಅಂದರು, 1933ರಲ್ಲಿ ಅಚ್ಚಾಯಿತು.

ನನಗೆ ತುಂಬಾ ಹಿಡಿಸಿದ್ದು ಕಾಸರಗೋಡು ಕಡೆಯವರ ನಕ್ಷೆಯಲ್ಲಿ, ಉಕ್ಕಿನಡ್ಕದ ಜಾಗಕ್ಕೆ ಹಾಕಿದ ಒಂದು ಸಾಲು: "ಮೆಡಿಕಲ್ ಕಾಲೇಜು ಕಂಡರೆ ಮುಂದೆ ಬಂದಿದ್ದೀರಿ, ಹಿಂದೆ ಹೋಗಿ." ಪುತ್ತೂರಿನವರ ನಕ್ಷೆಯಲ್ಲಿ ಅದೇ ಜಾಗಕ್ಕೆ ಬದಿಯಡ್ಕ ಪೇಟೆ. ದಾರಿ ತಪ್ಪಿದವನಿಗೆ ತಪ್ಪಿದ್ದು ಗೊತ್ತಾಗುವುದೇ ಕಷ್ಟ, ಅಲ್ವಾ? ಇನ್ನೊಂದು, ತಿರುವಿನ ಅಂಗಡಿಯ ಬೋರ್ಡು ಮಲಯಾಳದಲ್ಲಿದೆ. ವಿಟ್ಲದ ನೆಂಟರಿಗೆ ಅದು ಓದಲು ಬರುವುದಿಲ್ಲ. ಹುಡುಗ ಬೈಕಿನಲ್ಲಿ ಬಂದು ಬೋರ್ಡಿನ ಫೋಟೋ ತೆಗೆದು, ಆ ಅಕ್ಷರಗಳನ್ನು ಇದ್ದ ಹಾಗೇ ಚಿತ್ರ ಮಾಡಿ ಹಾಕಿದ. ಓದಬೇಕಾಗಿಲ್ಲ, ಹೋಲಿಸಿ ನೋಡಿದರೆ ಸಾಕು.

ಕೊರತೆ ಇಲ್ಲ ಅಂತಲ್ಲ. ಕಾಗದ ಮಡಚುವ ಗೆರೆ ಸರಿಯಾಗಿ ನಾಗನಕಟ್ಟೆಯ ಮೇಲೆ ಬಂತು. ಎರಡು ಮೂರು ಸಲ ಬಿಡಿಸಿ ಮಡಚಿದಾಗ ಕಟ್ಟೆಯೇ ಅಳಿಸಿಹೋಯಿತು. ಕೆಂಪು ಕಾಗದದ ಮೇಲೆ ಚಿನ್ನದ ಬಣ್ಣ ಬೇಡ ಅಂತ ಹುಡುಗ ಹೇಳಿದ್ದ. ಚಂದ ಇರಲಿ ಎಂದು ಹಟ ಮಾಡಿದ್ದು ನಾನು. ರಾತ್ರಿ ಕಾರಿನ ಲೈಟಿನಲ್ಲಿ ಒಂದಕ್ಷರ ಕಾಣುವುದಿಲ್ಲ. ನಕ್ಷೆಯಲ್ಲಿ "ಹಲಸಿನ ಮರ" ಎಂದು ಬರೆದಿತ್ತು. ನವೆಂಬರಿನಲ್ಲಿ ಕಾಯಿ ಎಲ್ಲಿಂದ? ಬೆಂಗಳೂರಿನ ಭಾವ ಮರದ ಬುಡದಲ್ಲೇ ಕಾರು ನಿಲ್ಲಿಸಿ "ಹಲಸಿನ ಮರ ಯಾವುದು?" ಎಂದು ಫೋನು ಮಾಡಿದ. ಮಲಯಾಳದ ನಕ್ಷೆ ಇಲ್ಲದ ಕಾರಣ ಕಾಸರಗೋಡಿನಿಂದ ಹೂವು ತಂದ ಚೇಟನೂ ಮೂರು ಸಲ ಕರೆ ಮಾಡಿದ. ಉಳಿದ ಮುನ್ನೂರು ಚಿಲ್ಲರೆ ಜನರಲ್ಲಿ ದಾರಿ ಕೇಳಿ ಫೋನು ಮಾಡಿದವರು ಇಬ್ಬರೇ.

ನೀವೂ ಮಾಡಿಸುವುದಾದರೆ, ನಕ್ಷೆಗೆ ನಾಲ್ಕು ದಿನ ಹಿಡಿಯುತ್ತದೆ, ಜಾಸ್ತಿ ಅವಸರ ಮಾಡಬೇಡಿ. ಬಿಳಿ ಕಾಗದಕ್ಕೆ ಕಪ್ಪು ಶಾಯಿ ಹೇಳಿ. ಭಾನುವಾರ ಅಂಗಡಿ ಬಾಗಿಲು ಹಾಕಿರುತ್ತದೆ. ಮನೆಯಲ್ಲಿ ವಯಸ್ಸಾದವರು ಇದ್ದರೆ ಅವರನ್ನೂ ಕರೆದುಕೊಂಡು ಹೋಗಿ, ಅಂಗಡಿಯಲ್ಲಿ ಕುರ್ಚಿ ಇರುವುದು ಎರಡೇ.