ಎರಡೂ ಕಡೆಯ ಬ್ರೆಸ್ಟ್ ಪಂಪ್: ಕೆಲಸಕ್ಕೆ ಮರಳುವ ತಾಯಂದಿರು ಕೊಳ್ಳುವ ಮುನ್ನ

26 ವಾರಗಳ ಹೆರಿಗೆ ರಜೆ ಮುಗಿಸಿ ಡೊಂಬಿವಲಿಯಿಂದ ಮುಂಬೈನ ಸಿಎಸ್‌ಎಂಟಿ ನಿಲ್ದಾಣಕ್ಕೆ ಲೋಕಲ್ ರೈಲು ಹಿಡಿಯುವ ತಾಯಿ ಮನೆ ಬಿಟ್ಟು ಮತ್ತೆ ಮಗುವನ್ನು ಎತ್ತಿಕೊಳ್ಳುವ ಹೊತ್ತಿಗೆ ಹತ್ತು ಹನ್ನೊಂದು ಗಂಟೆ ಕಳೆದಿರುತ್ತದೆ. ನಡುವೆ ಹಾಲು ತೆಗೆಯದಿದ್ದರೆ ಎದೆ ಕಲ್ಲಾಗುತ್ತದೆ, ಬರಬರುತ್ತಾ ಹಾಲೂ ಇಂಗುತ್ತದೆ. ಇಂಥವರಿಗೆ ಚಾರ್ಜ್ ಮಾಡಿ ಬಳಸುವ, ಎರಡೂ ಕಡೆ ಒಟ್ಟಿಗೆ ಹಾಲು ತೆಗೆಯುವ ಪಂಪ್ ನಿಜಕ್ಕೂ ಉಪಕಾರಿ. ಮೂರು ಗಂಟೆಗೊಮ್ಮೆ 15ರಿಂದ 20 ನಿಮಿಷ ಸಾಕು.

ತೊಂದರೆ ಇರುವುದು ಮೋಟಾರಿನಲ್ಲಲ್ಲ, ಎದೆಗೆ ಒತ್ತಿಕೊಳ್ಳುವ ಆಲಿಕೆಯಲ್ಲಿ. ಪೆಟ್ಟಿಗೆಯೊಳಗೆ ಸಾಮಾನ್ಯವಾಗಿ ಬರುವುದು 24 ಮಿ.ಮೀ. ಅಳತೆಯದು, ಅದು ಎಲ್ಲರಿಗೂ ಒಗ್ಗುವುದಿಲ್ಲ. ತೊಟ್ಟಿನ ಬುಡದ ಅಗಲವನ್ನಷ್ಟೇ ಅಳೆದು (ಸುತ್ತಲಿನ ಕಪ್ಪು ಭಾಗ ಬಿಟ್ಟು) 2ರಿಂದ 3 ಮಿ.ಮೀ. ಸೇರಿಸಿ; ತೊಟ್ಟಿನ ಅಳತೆ 18 ಬಂದರೆ 21ರ ಆಲಿಕೆ ಕೊಳ್ಳಿ. ಆಲಿಕೆ ದೊಡ್ಡದಾದರೆ ಕಪ್ಪು ಭಾಗವೂ ಒಳಗೆ ಸೆಳೆದು ಬಾತುಕೊಳ್ಳುತ್ತದೆ, ಚಿಕ್ಕದಾದರೆ ತೊಟ್ಟು ಉಜ್ಜಿ ಬಿರಿಯುತ್ತದೆ. ಎರಡರಲ್ಲೂ ಹಾಲು ಕಡಿಮೆ. ಆಗ "ನನಗೆ ಹಾಲೇ ಸಾಲದು" ಎಂದು ತಾಯಿ ಕೊರಗುವುದು ತೀರಾ ಅನ್ಯಾಯ.

ಇನ್ನೊಂದು, ಆಲಿಕೆಯಿಂದ ಹಾಲು ಬಾಟಲಿಗೆ ಇಳಿಯುವಲ್ಲಿರುವ, ಬಾತುಕೋಳಿ ಕೊಕ್ಕಿನಂಥ ಸಿಲಿಕೋನ್ ವಾಲ್ವ್. ಅದನ್ನು ಬೆಳಕಿಗೆ ಹಿಡಿದು ನೋಡಿ: ತುದಿಯ ಸೀಳು ಮುಚ್ಚಿಕೊಂಡಿರಬೇಕು. ಕೂದಲೆಳೆಯಷ್ಟು ಬೆಳಕು ಕಂಡರೂ ಸೆಳೆತ ಸೋರಿಹೋಗುತ್ತದೆ. ಒಳಗೆ ಬ್ರಷ್ ತೂರಿಸಿ ತೊಳೆಯುವುದರಿಂದಲೇ ಹೆಚ್ಚಿನವು ಹರಿಯುತ್ತವೆ. ದಿನವೂ ಬಳಸುವವರು ಎರಡು ತಿಂಗಳಿಗೊಮ್ಮೆ ಬದಲಿಸುವುದು ಒಳ್ಳೆಯದು. ಆದ್ದರಿಂದ ಬಿಡಿಭಾಗ ಸುಲಭವಾಗಿ ಸಿಗದ ಪಂಪ್ ಎಷ್ಟೇ ಅಗ್ಗವಾದರೂ ಬೇಡ. ಮೋಟಾರಿಗೆ ಜೋಡಿಸುವ ಗಾಳಿಯ ನಳಿಕೆಗೆ ಹಾಲು ಹೋಗದಂತೆ ತಡೆ ಇರುವುದನ್ನೇ ಆರಿಸಿ. ಮುಂಬೈ ಮಳೆಗಾಲದಲ್ಲಿ ನಳಿಕೆಯೊಳಗಿನ ತೇವ ಆರುವುದಿಲ್ಲ, ಬೂಷ್ಟು ಹಿಡಿಯುತ್ತದೆ. ಹಾಲು ತೆಗೆದಾದ ಮೇಲೆ ನಳಿಕೆಯೊಂದನ್ನೇ ಸಿಕ್ಕಿಸಿ ಎರಡು ಮೂರು ನಿಮಿಷ ಓಡಿಸಿ.

ಸೆಳೆತ ಜಾಸ್ತಿ ಮಾಡಿದರೆ ಹಾಲು ಜಾಸ್ತಿ ಬರುವುದಿಲ್ಲ. ನೋವು ಶುರುವಾದಲ್ಲಿಂದ ಒಂದು ಹಂತ ಇಳಿಸಿ.

ಐಸ್ ಪ್ಯಾಕ್ ಇರುವ ಚೀಲ ಪಂಪಿನಷ್ಟೇ ಮುಖ್ಯ. 25 ಡಿಗ್ರಿಯವರೆಗೆ ಹಾಲು ಹೊರಗೆ ನಾಲ್ಕು ಗಂಟೆ ಇರಬಲ್ಲದು, ಆದರೆ ಮೇ ತಿಂಗಳ ಲೋಕಲ್ ಡಬ್ಬಿಗೆ ಆ ಲೆಕ್ಕ ಹಿಡಿಯಬೇಡಿ. ಗಟ್ಟಿಯಾಗಿ ಹೆಪ್ಪುಗಟ್ಟಿದ ಪ್ಯಾಕ್ ಬಾಟಲಿಗೆ ತಾಗಿದ್ದರೆ 24 ಗಂಟೆ, ಫ್ರಿಜ್ಜಿನಲ್ಲಿ ನಾಲ್ಕು ದಿನ. 60ರಿಂದ 90 ಮಿ.ಲೀ. ಪಾಲು ಮಾಡಿ, ತಾರೀಕು ಬರೆದಿಡಿ. ಮೇಲೆ ಕೆನೆ ಕಟ್ಟಿದ್ದನ್ನು ನೋಡಿ ಅಜ್ಜಿ "ಒಡೆದಿದೆ" ಎಂದು ಚೆಲ್ಲದಂತೆ ಮೊದಲೇ ಹೇಳಿಡಿ. ಮೆಲ್ಲನೆ ತಿರುಗಿಸಿದರೆ ಬೆರೆಯುತ್ತದೆ. ಬಿಸಿನೀರಿನ ಬಟ್ಟಲಲ್ಲಿಟ್ಟು ಬೆಚ್ಚಗೆ ಮಾಡಿ, ಒಳಲೆಯಲ್ಲಿ ಕುಡಿಸಲಿ. ಒಳಲೆ ತೊಳೆಯುವುದೂ ಸುಲಭ.

ಹೆರಿಗೆ ಸೌಲಭ್ಯದ ಕಾನೂನು ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಹಾಲುಣಿಸುವ ಬಿಡುವು ಕೊಟ್ಟಿದೆ. ಕಚೇರಿಯಲ್ಲಿ ಬರೆದು ಕೇಳಿ. ಏಷ್ಯಾದ ಮೊದಲ ಎದೆಹಾಲಿನ ಬ್ಯಾಂಕ್ 1989ರಲ್ಲಿ ಶುರುವಾದದ್ದು ಇಲ್ಲಿನ ಸಯನ್ ಆಸ್ಪತ್ರೆಯಲ್ಲಿ. ಅಂಥ ಊರಲ್ಲಿ ತಾಯಿ ಶೌಚಾಲಯದಲ್ಲಿ ಕೂತು ಹಾಲು ತೆಗೆಯುವಂತಾಗಬಾರದು.

ನಾಲ್ಕೈದು ಗಂಟೆಯಷ್ಟೇ ಹೊರಗಿರುವವರಿಗೆ ಈ ಪಂಪ್ ಬೇಕಿಲ್ಲ. ಎದೆ ಬೆಚ್ಚಗಾಗಿಸಿ, ನೀವಿ, ಕೈಯಿಂದ ಹಿಂಡುವುದು ಅಥವಾ ಅಗ್ಗದ ಪಂಪ್ ಕೂಡ ಕೆಲವು ವಿಷಯಗಳಲ್ಲಿ ದೊಡ್ಡ ವಿದ್ಯುತ್ ಪಂಪಿನಷ್ಟೇ ಫಲ ಕೊಡಬಹುದೆಂದು ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ 2016ರ ಪರಿಶೀಲನೆ ಹೇಳುತ್ತದೆ. ಯಾವುದನ್ನೇ ಆರಿಸಿದರೂ ಕೆಲಸಕ್ಕೆ ಮರಳುವ ಎರಡು ವಾರ ಮೊದಲೇ, ಬೆಳಗಿನ ಮೊದಲ ಹಾಲುಣಿಸಿದ ಮೇಲೆ, ರೂಢಿ ಮಾಡಿಕೊಳ್ಳಿ.