ಆನ್‌ಲೈನ್ ಪುಸ್ತಕ ಮಳಿಗೆ: ಎರಡು ವರ್ಷ ಬಳಸಿದ ಮೇಲೆ

ಕೊಡಗಿನ ಐನ್‌ಮನೆಗಳ, ಅಂದರೆ ಕುಟುಂಬಗಳ ಹಿರಿಯರ ಮೂಲಮನೆಗಳ ಬಗ್ಗೆ ಬರೆದ ಪುಸ್ತಕವನ್ನು ನಾನೇ ಅಚ್ಚು ಹಾಕಿಸಿ ಒಂದು ದೊಡ್ಡ ಆನ್‌ಲೈನ್ ಮಳಿಗೆಯಲ್ಲಿ ಮಾರಾಟಕ್ಕಿಟ್ಟು ಎರಡು ವರ್ಷ ದಾಟಿತು. ಸ್ವಂತವಾಗಿ ಪುಸ್ತಕ ತರಬೇಕೆಂದಿರುವ ನಮ್ಮ ಜಿಲ್ಲೆಯವರಿಗೆ ಉಪಯೋಗವಾಗಲಿ ಅಂತ ಈ ಅನುಭವ ಬರೆಯುತ್ತಿದ್ದೇನೆ.

ಪುಸ್ತಕ ಸೇರಿಸುವುದು ಸುಲಭ. ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ ನಮ್ಮ ದೇಶದಲ್ಲಿ ಉಚಿತ, ಅರ್ಜಿಯೂ ಆನ್‌ಲೈನ್‌ನಲ್ಲೇ. ಆ 13 ಅಂಕಿ, ಮುಖಪುಟ, ಬೆಲೆ ತುಂಬಿದರೆ ಪುಟ ಸಿದ್ಧ. ಮಾರಿದ ದುಡ್ಡೂ ಸರಿಯಾಗಿ ಖಾತೆಗೆ ಬರುತ್ತದೆ.

ಕಷ್ಟ ಇರುವುದು ಓದುಗರ ಕಣ್ಣಿಗೆ ಬೀಳುವುದರಲ್ಲಿ. ಕನ್ನಡ ಓದುವವರೂ ಹುಡುಕುವಾಗ ಜಾಸ್ತಿ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡುತ್ತಾರೆ. 'ಐನ್‌ಮನೆ'ಯನ್ನು ಒಬ್ಬರು ಕೂಡಿಸಿ ಬರೆಯುತ್ತಾರೆ, ಇನ್ನೊಬ್ಬರು ಬಿಡಿಸಿ. 'ಕೂರ್ಗ್' ಅಂತ ಹಾಕಿದರೆ ಕಾಫಿ ಪುಡಿ, ಜೇನುತುಪ್ಪ, ಪ್ರವಾಸಿ ಗೈಡು ಎಲ್ಲ ಬರುತ್ತವೆ, ನನ್ನ ಪುಸ್ತಕ ಬರುವುದಿಲ್ಲ. ಗೋಣಿಕೊಪ್ಪದ ಗೆಳೆಯರೊಬ್ಬರು ಪುಸ್ತಕದ ಪೂರ್ತಿ ಹೆಸರು ಹಾಕಿ ಹುಡುಕಿದರೂ ಸಿಗದೆ ಫೋನ್ ಮಾಡಿದರು. ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲೂ ಸೇರಿಸಿ, ಜನ ಬಳಸುವ ಬೇರೆ ಬೇರೆ ಕಾಗುಣಿತಗಳನ್ನು ಕೀವರ್ಡ್ (ಹುಡುಕುವ ಪದಗಳ) ಜಾಗದಲ್ಲಿ ತುಂಬಿದ ಮೇಲೆ ಹುಡುಕಿದವರಿಗಾದರೂ ಸಿಗತೊಡಗಿತು. ಇನ್ನೊಂದು ಮಾತು: ಹಳೆಯ 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿದ ಫೈಲಿನಿಂದ ಪುಸ್ತಕ ಪರಿಚಯದ ಸಾಲುಗಳನ್ನು ನೇರವಾಗಿ ಅಂಟಿಸಬೇಡಿ, ಅಕ್ಷರ ಕೆಡುತ್ತದೆ. ಎಲ್ಲ ಕಡೆ ಸರಿಯಾಗಿ ಕಾಣುವ ಯುನಿಕೋಡ್‌ಗೆ ಬದಲಿಸಿ, ಅರ್ಕಾವತ್ತುಗಳನ್ನು ಒಂದೊಂದಾಗಿ ನೋಡಿ.

ಇಷ್ಟೆಲ್ಲ ಮಾಡಿದರೂ ಹೆಸರು ಗೊತ್ತಿಲ್ಲದವರಿಗೆ ಪುಸ್ತಕ ಕಾಣುವುದಿಲ್ಲ. ಮಾರಾಟವಾದದ್ದನ್ನೇ ಮಳಿಗೆ ಮುಂದಿಡುತ್ತದೆ, ಮುಂದಿಟ್ಟದ್ದೇ ಮತ್ತೆ ಮಾರಾಟವಾಗುತ್ತದೆ. ಹೊಸಬರು ಎಲ್ಲಿಂದ ಶುರು ಮಾಡಬೇಕು? ಜಾಹೀರಾತು ಕೊಡಬಹುದು, ಆದರೆ ಕೊಂಡರೂ ಕೊಳ್ಳದಿದ್ದರೂ ಪ್ರತಿ ಕ್ಲಿಕ್ಕಿಗೆ ದುಡ್ಡು. 150 ರೂಪಾಯಿಯ ಪುಸ್ತಕದಲ್ಲಿ ಕಮಿಷನ್, ಸಾಗಣೆ ಕಳೆದ ಮೇಲೆ ಅದು ಗಿಟ್ಟುವುದಿಲ್ಲ. ವಿರಾಜಪೇಟೆಯ ಮದುವೆಮನೆಗಳಲ್ಲಿ ಸಿಕ್ಕವರು ಕೈ ಹಿಡಿದು 'ಚೆನ್ನಾಗಿ ಬರೆದಿದ್ದೀರಿ' ಅನ್ನುತ್ತಾರೆ. ಆ ಮಾತು ಮಳಿಗೆಯ ಪುಟದಲ್ಲಿ ಎರಡು ಸಾಲಾಗಿ ಬಿದ್ದರೆ ಎಷ್ಟು ಉಪಕಾರ ಅಲ್ವಾ? ದಯವಿಟ್ಟು ಬರೆಯಿರಿ. ನಮ್ಮಂಥವರಿಗೆ ಅದೇ ದೊಡ್ಡ ಬಲ.

ನನ್ನ ಮಾರಾಟದಲ್ಲಿ ಜಾಸ್ತಿ ಪಾಲು ವಾಟ್ಸಾಪ್‌ನಲ್ಲಿ ಕಳಿಸಿದ ಲಿಂಕ್‌ನಿಂದ ಬಂದದ್ದು. ಈಗ ನೇರವಾಗಿ ಅಂಚೆಯಲ್ಲೂ ಕಳಿಸುತ್ತೇನೆ. 2025ರ ಮೇ ತಿಂಗಳಲ್ಲಿ ಶುರುವಾದ 'ಜ್ಞಾನ ಪೋಸ್ಟ್'ನಲ್ಲಿ ಇಂಥ ಪುಸ್ತಕಗಳಿಗೆ 300 ಗ್ರಾಂವರೆಗೆ 20 ರೂಪಾಯಿ, ತೆರಿಗೆ ಬೇರೆ.

ದೂರದ ಊರಿನವರಿಗೆ ತಲುಪಿಸಲು ಮಳಿಗೆ ಬೇಕೇ ಬೇಕು, ಹಾಗಾಗಿ ಬಿಡುವುದಿಲ್ಲ. ಯಾವ ಲಿಪಿಯಲ್ಲಿ ಹುಡುಕಿದರೂ ಕನ್ನಡ ಪುಸ್ತಕ ಸಿಗುವಂತೆ ಅವರು ಮಾಡುವವರೆಗೆ ನಾನು ಕೊಡುವುದು ಐದಕ್ಕೆ ಮೂರು ನಕ್ಷತ್ರ.